ಎರಡು ಚಮಚ ನೀರು, ಐದು ನೀರುಚಿಗಟ

ನಮ್ಮ ಕಾರ್ಯಕ್ರಮಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಪ್ರಸಾರದ ವೇಳೆಯನ್ನೋ ಪರೀಕ್ಷೆಯ ಪಾಠವನ್ನೋ ಕುರಿತವು. ಈಚೆಗೆ ಬಂದ ಒಂದು ಪತ್ರ ಮಾತ್ರ ನನ್ನನ್ನು ನಾಲ್ಕು ದಿನ ಬಿಡದೆ ಕಾಡಿತು. ಬಯಲುಸೀಮೆಯ ಒಂದು ಹಳ್ಳಿಯಿಂದ ಪಿಯುಸಿ ಓದುವ ಹುಡುಗನೊಬ್ಬ ಬರೆದಿದ್ದ. ಅವನ ಊರಿನಲ್ಲಿ ಕೆರೆಯ ಅಂಚಿಗೇ ತರಕಾರಿ ತೋಟಗಳಿವೆ. ಬೆಳೆಗೆ ಔಷಧಿ ಹೊಡೆದವರು ಪಂಪನ್ನೂ ಖಾಲಿ ಡಬ್ಬಗಳನ್ನೂ ಕೆರೆಯಲ್ಲೇ ತೊಳೆಯುತ್ತಾರೆ. ಇದು ಸರಿಯಲ್ಲವೆಂದು ಅವನು ಹೇಳಿದಾಗ ಅವನ ಚಿಕ್ಕಪ್ಪ ನಕ್ಕುಬಿಟ್ಟರಂತೆ. "ಮೀನು ಒಂದಾದರೂ ಸತ್ತಿದೆಯೇನೋ? ಡಬ್ಬದ ಮೇಲಿರೋದು ನೀಲಿ ಗುರುತು ಕಣೋ, ಕೆಂಪಲ್ಲ" ಎಂದರಂತೆ. ಅದಾದ ಹದಿನೈದು ದಿನಕ್ಕೆ ಕೆರೆಯ ನೀರು ಬಣ್ಣ ಕಲಸಿದಂತೆ ಹಸಿರಾಯಿತು. ಮೀನುಗಳು ಮಾತ್ರ ಬದುಕಿಯೇ ಇದ್ದವು.

ಹುಡುಗ ಕೇಳಿದ್ದ ಪ್ರಶ್ನೆ ಇಷ್ಟೆ: "ಸಾರ್, ಮೀನು ಸಾಯದಿದ್ದರೆ ನೀರು ಚೆನ್ನಾಗಿದೆ ಎಂದು ಹೇಳಬಹುದೇ?" ಡಬ್ಬದ ಮೇಲಿದ್ದ ಹೆಸರನ್ನೂ ಅವನು ಜೋಪಾನವಾಗಿ ಬರೆದುಕೊಂಡು ಕಳಿಸಿದ್ದ: ಮ್ಯಾಲಥಿಯಾನ್ 50 ಇಸಿ.

ಆ ಕೆರೆಯನ್ನು ನಾನು ನೋಡಿಲ್ಲ. ಅಲ್ಲಿ ಏನಾಯಿತೆಂದು ಸ್ಟುಡಿಯೋದಲ್ಲಿ ಕುಳಿತು ತೀರ್ಪು ಕೊಡುವುದು ತಪ್ಪಾಗುತ್ತದೆ. ಆದರೆ ಇಂಥ ಪ್ರಶ್ನೆಯನ್ನು ವಿಜ್ಞಾನ ಹೇಗೆ ಕೇಳುತ್ತದೆ, ಉತ್ತರವನ್ನು ಯಾರಿಂದ ಪಡೆಯುತ್ತದೆ ಎಂಬುದನ್ನು ಹೇಳಬಲ್ಲೆ. ಆ ಉತ್ತರ ಕೊಡುವ ಜೀವಿ ಸಾಸಿವೆ ಕಾಳಿಗಿಂತ ಹೆಚ್ಚು ದೊಡ್ಡದೇನಲ್ಲ.

ಯಾವುದಾದರೂ ಹಳೆಯ ಹೊಂಡದ ನೀರನ್ನು ಗಾಜಿನ ಲೋಟದಲ್ಲಿ ತೆಗೆದು ಬೆಳಕಿಗೆ ಹಿಡಿದು ನೋಡಿ. ಬಿಳಿಯ ಚುಕ್ಕೆಗಳು ಜಿಗಿಜಿಗಿದು ಮೇಲೇರಿ, ನಿಧಾನವಾಗಿ ಕೆಳಗಿಳಿದು, ಮತ್ತೆ ಜಿಗಿಯುವುದು ಕಾಣಬಹುದು. ಈ ಜಿಗಿತದಿಂದಲೇ ಇವಕ್ಕೆ ನೀರುಚಿಗಟ ಎಂಬ ಹೆಸರು. ನಾಯಿಯ ಮೈಮೇಲಿನ ಚಿಗಟಕ್ಕೂ ಇದಕ್ಕೂ ನೆಂಟಸ್ತಿಕೆಯಿಲ್ಲ. ಇದು ಸೀಗಡಿ, ಏಡಿಗಳ ಬಳಗಕ್ಕೆ ಸೇರಿದ ಅಕಶೇರುಕ, ಅಂದರೆ ಬೆನ್ನುಮೂಳೆಯಿಲ್ಲದ ಪ್ರಾಣಿ. ನಮ್ಮ ಕೆರೆಗಳಲ್ಲಿ ಇದರ ಹಲವು ಬಂಧುಗಳಿವೆ. ಮೊಯಿನಾ ಎಂಬುದನ್ನು ಮೀನು ಸಾಕುವವರು ಮರಿಗಳ ಆಹಾರಕ್ಕಾಗಿಯೇ ಬೆಳೆಸುತ್ತಾರೆ. ಪ್ರಯೋಗಾಲಯಗಳಲ್ಲಿ ಹೆಚ್ಚಾಗಿ ಬಳಸುವುದು ಡ್ಯಾಫ್ನಿಯಾ ಮ್ಯಾಗ್ನಾ ಎಂಬ ಪ್ರಭೇದವನ್ನು. ಚೆನ್ನಾಗಿ ಬೆಳೆದರೆ ಅದು 5 ಮಿಲಿಮೀಟರಿನಷ್ಟು ಆಗುತ್ತದೆ.

ಇದರ ದೇಹ ಪಾರದರ್ಶಕ. ಸಾಧಾರಣ ಸೂಕ್ಷ್ಮದರ್ಶಕದಲ್ಲಿಟ್ಟರೆ ಬಡಿಯುವ ಹೃದಯ, ಪಾಚಿ ತುಂಬಿದ ಹಸಿರು ಕರುಳು, ಬೆನ್ನಿನ ಚೀಲದಲ್ಲಿರುವ ಮೊಟ್ಟೆಗಳು ಎಲ್ಲವೂ ಕಾಣುತ್ತವೆ. ಈ ಪಾರದರ್ಶಕತೆಯಿಂದ ವೈದ್ಯವಿಜ್ಞಾನಕ್ಕೂ ಉಪಕಾರವಾಗಿದೆ. ರಷ್ಯಾದ ಎಲೀ ಮೆಚ್ನಿಕಾಫ್ 1884ರಲ್ಲಿ ನೀರುಚಿಗಟದ ಮೈಯೊಳಗೆ ಹೊಕ್ಕ ಯೀಸ್ಟ್ ಕಣಗಳನ್ನು ಅದರ ರಕ್ತಕಣಗಳು ಸುತ್ತುವರಿದು ನುಂಗುವುದನ್ನು ವಿವರಿಸಿದರು. ರೋಗನಿರೋಧಕ ಶಕ್ತಿಯ ಬಗೆಗಿನ ಕೆಲಸಕ್ಕಾಗಿ ಅವರಿಗೆ 1908ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಕೆರೆಯ ಬದುಕಿನಲ್ಲಿ ನೀರುಚಿಗಟ ನಡುವಿನ ಮೆಟ್ಟಿಲು. ಕೆಳಗಿನ ಪಾಚಿಯನ್ನು ಅದು ಸೋಸಿ ತಿನ್ನುತ್ತದೆ; ಮೇಲಿನ ಮೀನುಮರಿ ಅದನ್ನು ತಿನ್ನುತ್ತದೆ. ಈ ಮೆಟ್ಟಿಲು ಮುರಿದರೆ ಕೆಳಗೂ ಮೇಲೂ ಪರಿಣಾಮವಾಗುತ್ತದೆ. ಇದನ್ನು ನೆನಪಿನಲ್ಲಿಡಿ, ಕೊನೆಯಲ್ಲಿ ಹುಡುಗನ ಹಸಿರು ಕೆರೆಗೆ ಮರಳಿದಾಗ ಬೇಕಾಗುತ್ತದೆ.

ಪರೀಕ್ಷೆಗೆ ಇದನ್ನೇ ಆರಿಸಲು ಇನ್ನೊಂದು ಕಾರಣವಿದೆ. ಆಹಾರ, ಬೆಳಕು, ಉಷ್ಣತೆ ಅನುಕೂಲವಾಗಿದ್ದಾಗ ನೀರುಚಿಗಟಗಳಲ್ಲಿ ಹೆಣ್ಣುಗಳೇ ಇರುತ್ತವೆ. ಗಂಡಿನ ಅಗತ್ಯವಿಲ್ಲದೆ ಅವು ಮರಿ ಹಾಕುತ್ತವೆ. ಇದಕ್ಕೆ ಅನಿಷೇಕ ಜನನ ಎಂದು ಹೆಸರು. ಹುಟ್ಟುವ ಮರಿಗಳು ತಾಯಿಯ ಪಡಿಯಚ್ಚು. ಇಪ್ಪತ್ತು ಮರಿ ತೆಗೆದುಕೊಂಡರೆ ಇಪ್ಪತ್ತೂ ಒಂದೇ ಅನುವಂಶೀಯ ಗುಣದವು. ಆಗ ಒಂದು ಮರಿ ಸತ್ತು ಇನ್ನೊಂದು ಉಳಿದರೆ ಅದು ಹುಟ್ಟುಗುಣದ ವ್ಯತ್ಯಾಸವೋ ವಿಷದ ಪ್ರಭಾವವೋ ಎಂಬ ಗೊಂದಲ ಬಹಳಮಟ್ಟಿಗೆ ಕಡಿಮೆಯಾಗುತ್ತದೆ. ಕಷ್ಟಕಾಲ ಬಂದಾಗ ಮಾತ್ರ ಅವು ಗಂಡುಮರಿಗಳನ್ನು ಹಾಕಿ, ಗಟ್ಟಿ ಕವಚದ ಮೊಟ್ಟೆಗಳನ್ನಿಡುತ್ತವೆ. ಸಾಕಣೆಯ ಗಾಜಿನ ತೊಟ್ಟಿಯಲ್ಲಿ ಅಂಥ ಮೊಟ್ಟೆ ಕಂಡರೆ ಪ್ರಯೋಗಾಲಯದವರು ಎಚ್ಚರವಾಗುತ್ತಾರೆ. ಆ ಗುಂಪು ಸಂಕಟದಲ್ಲಿದೆ, ಪರೀಕ್ಷೆಗೆ ಯೋಗ್ಯವಲ್ಲ ಎಂದು ಅರ್ಥ.

ವಿಷವೆಂಬುದು ಪ್ರಮಾಣದ ಮಾತು ಎಂದು ಹದಿನಾರನೆಯ ಶತಮಾನದಲ್ಲೇ ಪ್ಯಾರಾಸೆಲ್ಸಸ್ ಎಂಬ ವೈದ್ಯ ಹೇಳಿದ್ದ. ಆದರೆ ಎಷ್ಟು ಪ್ರಮಾಣ, ಯಾರಿಗೆ, ಎಷ್ಟು ಹೊತ್ತಿನಲ್ಲಿ ಎಂಬುದನ್ನು ಅಳೆಯುವ ಶಿಸ್ತು ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ಇಂಗ್ಲೆಂಡಿನ ಟ್ರೆವಾನ್ 1927ರಲ್ಲಿ ಅರ್ಧದಷ್ಟು ಪ್ರಾಣಿಗಳನ್ನು ಕೊಲ್ಲುವ ಪ್ರಮಾಣವನ್ನು ಅಳತೆಗೋಲಾಗಿ ಮುಂದಿಟ್ಟ. 1944ರಲ್ಲಿ ಅಮೆರಿಕದ ಆಂಡರ್ಸನ್ ಕೈಗಾರಿಕೆಯ ಕೊಳಚೆಯಲ್ಲಿರುವ ಅನೇಕ ಪದಾರ್ಥಗಳನ್ನು ಡ್ಯಾಫ್ನಿಯಾ ಮ್ಯಾಗ್ನಾ ಮೇಲೆ ಪರೀಕ್ಷಿಸಿ ಫಲಿತಾಂಶ ಪ್ರಕಟಿಸಿದ. ಆಮೇಲೆ ಓಇಸಿಡಿ ಎಂಬ ಹಲವು ದೇಶಗಳ ಸಂಘಟನೆ 1981ರಲ್ಲಿ ಈ ಪರೀಕ್ಷೆಗೆ ಒಂದು ಸಮಾನ ವಿಧಾನವನ್ನು ರೂಪಿಸಿತು. ಇದು ಅದರ 202ನೆಯ ಮಾರ್ಗಸೂಚಿ, 2004ರಲ್ಲಿ ಪರಿಷ್ಕೃತವಾಯಿತು. ಭಾರತ ಆ ಸಂಘಟನೆಯ ಸದಸ್ಯ ದೇಶವಲ್ಲ. ಆದರೂ ಪರೀಕ್ಷಾ ಮಾಹಿತಿಯನ್ನು ಪರಸ್ಪರ ಒಪ್ಪಿಕೊಳ್ಳುವ ವ್ಯವಸ್ಥೆಗೆ 2011ರಲ್ಲಿ ಸೇರಿತು. ಆದ್ದರಿಂದ ಮಾನ್ಯತೆ ಪಡೆದ ನಮ್ಮ ಪ್ರಯೋಗಾಲಯದಲ್ಲಿ ನಡೆದ ಪರೀಕ್ಷೆಯನ್ನು ಆ ದೇಶಗಳೂ ಒಪ್ಪುತ್ತವೆ. ಅದೇ ಪರೀಕ್ಷೆಗಾಗಿ ಮತ್ತೆ ಪ್ರಾಣಿಗಳನ್ನು ಬಲಿಕೊಡುವುದು ತಪ್ಪುತ್ತದೆ.

ಈಗ ಪರೀಕ್ಷೆಯನ್ನು ಹಂತಹಂತವಾಗಿ ನೋಡೋಣ.

ಮೊದಲು ಮರಿಗಳು. ಹುಟ್ಟಿ 24 ಗಂಟೆ ತುಂಬದ ಮರಿಗಳನ್ನೇ ಆರಿಸಬೇಕು. ತಾಯಿಯ ಮೊದಲ ಸಲದ ಮರಿಗಳು ಬೇಡ. ನೀರಿನ ಉಷ್ಣತೆ 18ರಿಂದ 22 ಡಿಗ್ರಿ ಸೆಲ್ಸಿಯಸ್ ಒಳಗಿರಬೇಕು. ಒಂದು ಪರೀಕ್ಷೆಯೊಳಗೆ ಅದು ಒಂದು ಡಿಗ್ರಿಗಿಂತ ಆಚೀಚೆ ಆಗಬಾರದು. ನೀರಿನ ಗಡಸುತನ, ಪಿಎಚ್ ಎರಡನ್ನೂ ಅಳೆದು ಬರೆದಿಡಬೇಕು.

ಆಮೇಲೆ ದ್ರಾವಣಗಳು. ಪರೀಕ್ಷಿಸಬೇಕಾದ ರಾಸಾಯನಿಕದ ಕನಿಷ್ಠ ಐದು ಸಾಂದ್ರತೆಗಳನ್ನು ತಯಾರಿಸುತ್ತಾರೆ. ಉದಾಹರಣೆಗೆ ಲೀಟರಿಗೆ 0.5, 1, 2, 4, 8 ಮಿಲಿಗ್ರಾಂ. ಇದು ಗಣಿತದಲ್ಲಿ ನೀವು ಕಲಿತ ಗುಣೋತ್ತರ ಶ್ರೇಣಿ. 1, 2, 3, 4 ಎಂದು ಸಮಾಂತರ ಶ್ರೇಣಿಯನ್ನು ಏಕೆ ಬಳಸಬಾರದು? ಅಡುಗೆಮನೆಯಲ್ಲಿ ಉತ್ತರವಿದೆ. ಒಂದು ಚಮಚ ಉಪ್ಪು ಹಾಕಿದ ಸಾರಿಗೆ ಇನ್ನೊಂದು ಚಮಚ ಬಿದ್ದರೆ ಬಾಯಿಗಿಡಲಾಗುವುದಿಲ್ಲ. ಮದುವೆಮನೆಯ ಕೊಪ್ಪರಿಗೆಗೆ ಇಪ್ಪತ್ತು ಚಮಚ ಹಾಕಿದ ಮೇಲೆ ಇನ್ನೊಂದು ಬಿದ್ದರೆ ಯಾರಿಗೂ ತಿಳಿಯುವುದಿಲ್ಲ. ಜೀವಿಗಳ ಪ್ರತಿಕ್ರಿಯೆಯೂ ಬಹುಮಟ್ಟಿಗೆ ಹೀಗೆಯೇ. ಎಷ್ಟು ಹೆಚ್ಚಾಯಿತು ಎಂಬುದಕ್ಕಿಂತ ಎಷ್ಟು ಪಟ್ಟು ಹೆಚ್ಚಾಯಿತು ಎಂಬುದು ಮುಖ್ಯ. ಎರಡು ಅಕ್ಕಪಕ್ಕದ ಸಾಂದ್ರತೆಗಳ ನಡುವಿನ ಅನುಪಾತ 2.2ನ್ನು ಮೀರದಿದ್ದರೆ ಒಳ್ಳೆಯದು ಎಂದು ಮಾರ್ಗಸೂಚಿ ಹೇಳುತ್ತದೆ.

ಪ್ರತಿ ಸಾಂದ್ರತೆಗೂ ಕನಿಷ್ಠ 20 ಮರಿಗಳು. ಅವನ್ನು ಐದೈದರಂತೆ ನಾಲ್ಕು ಪಾತ್ರೆಗಳಲ್ಲಿ ಹಂಚುತ್ತಾರೆ. ಒಂದು ಮರಿಗೆ ಕನಿಷ್ಠ 2 ಮಿಲಿಲೀಟರ್ ನೀರು ಬೇಕು. ಐದು ಮರಿಗಳಿಗೆ 10 ಮಿಲಿಲೀಟರ್, ಅಂದರೆ ಎರಡು ಚಹಾ ಚಮಚದಷ್ಟು. ಇವುಗಳ ಜೊತೆಗೆ ರಾಸಾಯನಿಕವೇ ಇಲ್ಲದ ಬರಿಯ ನೀರಿನಲ್ಲೂ 20 ಮರಿಗಳನ್ನು ಇಡುತ್ತಾರೆ. ಇದೇ ನಿಯಂತ್ರಣ ಗುಂಪು. ಪ್ರಯೋಗಾಲಯದ ಮಾತಿನಲ್ಲಿ ಕಂಟ್ರೋಲ್. 48 ಗಂಟೆ ಆಹಾರ ಕೊಡುವುದಿಲ್ಲ. ಕೊಟ್ಟರೆ ಪಾಚಿಯ ಕಣಗಳಿಗೆ ರಾಸಾಯನಿಕ ಅಂಟಿಕೊಂಡು ನೀರಿನಲ್ಲಿ ನಿಜವಾಗಿ ಎಷ್ಟಿದೆ ಎಂಬ ಲೆಕ್ಕ ತಪ್ಪುತ್ತದೆ. ಗಾಳಿಯ ಗುಳ್ಳೆಗಳನ್ನೂ ಹಾಯಿಸುವುದಿಲ್ಲ. ಆದರೆ ಕೊನೆಯಲ್ಲಿ ನೀರಿನಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 3 ಮಿಲಿಗ್ರಾಂಗಿಂತ ಕಡಿಮೆಯಾಗಿರಬಾರದು. ಕಡಿಮೆಯಾದರೆ ಮರಿಗಳು ವಿಷದಿಂದ ಬಳಲಿದವೋ ಉಸಿರುಕಟ್ಟಿ ಬಳಲಿದವೋ ಹೇಳಲಾಗದು.

24 ಗಂಟೆಗೆ ಒಮ್ಮೆ, 48 ಗಂಟೆಗೆ ಇನ್ನೊಮ್ಮೆ ಎಣಿಕೆ. ಇಲ್ಲಿ ಎಣಿಸುವುದು ಸಾವನ್ನಲ್ಲ, ನಿಶ್ಚಲತೆಯನ್ನು. ಪಾತ್ರೆಯನ್ನು ಮೆಲ್ಲಗೆ ಅಲುಗಿಸಿ 15 ಸೆಕೆಂಡ್ ಕಾಯುತ್ತಾರೆ. ಅಷ್ಟರಲ್ಲಿ ಈಜಲಾಗದ ಮರಿಯನ್ನು ನಿಶ್ಚಲವೆಂದು ಬರೆದುಕೊಳ್ಳುತ್ತಾರೆ. ಅದರ ಮೀಸೆ ಇನ್ನೂ ಮಿಡುಕುತ್ತಿರಬಹುದು. ಆದರೂ ಅದು ನಿಶ್ಚಲವೇ. ಇಷ್ಟು ಚಿಕ್ಕ ಪ್ರಾಣಿ ಸತ್ತಿದೆಯೇ ಎಂದು ಖಚಿತಪಡಿಸುವುದು ಕಷ್ಟ. ಒಬ್ಬರು ಹೌದೆಂದರೆ ಇನ್ನೊಬ್ಬರು ಅಲ್ಲವೆನ್ನಬಹುದು. ಈಜುತ್ತಿದೆಯೇ ಎಂಬುದರಲ್ಲಿ ಅಂಥ ವಿವಾದಕ್ಕೆ ಎಡೆ ಕಡಿಮೆ. ಮೇಲಾಗಿ ಕೆರೆಯಲ್ಲಿ ಈಜಲಾಗದ ನೀರುಚಿಗಟ ಹೇಗೂ ಹೆಚ್ಚು ಹೊತ್ತು ಬಾಳುವುದಿಲ್ಲ.

ಇನ್ನು ನನ್ನದೇ ಒಂದು ತಪ್ಪಿನ ಕಥೆ ಹೇಳಬೇಕು. ಸುಮಾರು ಹದಿನೈದು ವರ್ಷಗಳ ಹಿಂದೆ, ನಾನಿನ್ನೂ ಸಹಾಯಕ ನಿರ್ಮಾಪಕನಾಗಿದ್ದಾಗ, ಈ ಪರೀಕ್ಷೆಯನ್ನೇ ಚಿತ್ರೀಕರಿಸಲು ಒಂದು ಪ್ರಯೋಗಾಲಯಕ್ಕೆ ಹೋಗಿದ್ದೆವು. ಅಲ್ಲಿನ ಹಿರಿಯ ವಿಜ್ಞಾನಿ ಮೇಡಂ ಎರಡು ದಿನ ತಾಳ್ಮೆಯಿಂದ ಎಲ್ಲವನ್ನೂ ತೋರಿಸಿದರು. ಎರಡನೆಯ ದಿನ ಮಧ್ಯಾಹ್ನ, ಮರಿಗಳು ಪರದೆಯ ಮೇಲೆ ಚೆನ್ನಾಗಿ ಕಾಣಲೆಂದು ನಾನು ಎರಡು ಹ್ಯಾಲೊಜೆನ್ ದೀಪಗಳನ್ನು ಪಾತ್ರೆಗಳ ಹತ್ತಿರಕ್ಕೆ ಸರಿಸಿದೆ. ದೃಶ್ಯ ಬಹಳ ಸುಂದರವಾಗಿ ಬಂತು. ಮೇಡಂ ಊಟ ಮುಗಿಸಿ ಬಂದು ಥರ್ಮಾಮೀಟರ್ ನೋಡಿದರು. ಪಾರೆ 30 ಡಿಗ್ರಿ ದಾಟಿತ್ತು. ಸಂಜೆ ಎಣಿಸಿದಾಗ ನಿಯಂತ್ರಣ ಗುಂಪಿನ 20ರಲ್ಲಿ 4 ಮರಿಗಳು ನಿಶ್ಚಲವಾಗಿದ್ದವು. ಬರಿಯ ನೀರಿನಲ್ಲಿದ್ದ ಮರಿಗಳು!

"ನಿಮ್ಮ ದೀಪವೇ ವಿಷದ ಕೆಲಸ ಮಾಡಿದೆ ಸಾರ್" ಎಂದು ಅವರು ನಕ್ಕರು. ನನಗೆ ನಗು ಬರಲಿಲ್ಲ. ವಾಹನ ಮರುದಿನ ಬೇರೆ ಕಡೆ ಹೋಗಬೇಕಿತ್ತು. ಪ್ರಸಾರದ ದಿನ ನಿಗದಿಯಾಗಿತ್ತು. ನಾನು ಹೇಳಿದೆ: "ಮೇಡಂ, ಆ ನಾಲ್ಕು ಮರಿ ಕ್ಯಾಮೆರಾದಲ್ಲಿ ಕಾಣುವುದಿಲ್ಲ. ಎರಡೇ ಎಂದು ಬರೆದುಬಿಡೋಣ. ಯಾರಿಗೆ ಗೊತ್ತಾಗುತ್ತದೆ?"

ಅವರು ಕೋಪಿಸಿಕೊಳ್ಳಲಿಲ್ಲ. ದಾಖಲೆ ಪುಸ್ತಕವನ್ನು ನನ್ನ ಮುಂದಕ್ಕೆ ಸರಿಸಿ, 4 ಎಂದು ನನ್ನ ಕೈಯಿಂದಲೇ ಬರೆಸಿದರು. ನಿಯಂತ್ರಣ ಗುಂಪಿನಲ್ಲಿ ಶೇಕಡಾ 10ಕ್ಕಿಂತ ಹೆಚ್ಚು ಮರಿಗಳು ನಿಶ್ಚಲವಾದರೆ ಇಡೀ ಪರೀಕ್ಷೆಯೇ ರದ್ದು. 20ರಲ್ಲಿ 2ರವರೆಗೆ ಸರಿ, 4 ಆಯಿತೆಂದರೆ ಇಲ್ಲ. "ನಾಳೆ ಒಂದು ಊರಿನವರು ನಮ್ಮ ಕೆರೆಗೆ ವಿಷ ಬಿದ್ದಿದೆ ಅಂತ ಬರುತ್ತಾರೆ. ಇನ್ನೊಬ್ಬರು ಇಲ್ಲ ಅಂತ ಬರುತ್ತಾರೆ. ಇಬ್ಬರೂ ನಂಬಬೇಕಾದ್ದು ಈ ಪುಸ್ತಕವನ್ನು. ಇದರಲ್ಲಿ ಎರಡು ಅಂತ ಬರೆದರೆ ನಾಳೆ ನಾನು ಹೇಳುವ ನಿಜವೂ ಸುಳ್ಳೇ ಆಗುತ್ತೆ" ಎಂದರು. ನಾವು ಚಿತ್ರೀಕರಣವನ್ನು ಮುಂದಕ್ಕೆ ಹಾಕಿದೆವು. ಹೊಸ ಮರಿಗಳೊಂದಿಗೆ ಇನ್ನೊಮ್ಮೆ ಪರೀಕ್ಷೆ ನಡೆಯಿತು, ದೀಪಗಳನ್ನು ದೂರವಿಟ್ಟು. ನನಗೆ ಮೇಲಧಿಕಾರಿಗಳಿಂದ ಸಿಕ್ಕ ಮಾತುಗಳನ್ನು ಇಲ್ಲಿ ಹೇಳಬೇಕಾಗಿಲ್ಲ. ಆದರೆ ನಿಯಂತ್ರಣ ಗುಂಪು ಏಕೆ ಬೇಕು ಎಂದು ಬಿಎಸ್ಸಿಯ ಮೂರು ವರ್ಷದಲ್ಲಿ ಕಲಿಯದ್ದನ್ನು ಆ ಒಂದು ಸಂಜೆ ಕಲಿತೆ. ಆ ಗುಂಪು ಇಲ್ಲದಿದ್ದರೆ ನನ್ನ ದೀಪದ ತಪ್ಪನ್ನು ರಾಸಾಯನಿಕದ ತಲೆಗೆ ಕಟ್ಟುತ್ತಿದ್ದೆವು.

ಪ್ರಯೋಗಾಲಯಗಳು ತಮ್ಮ ಮರಿಗಳ ಆರೋಗ್ಯವನ್ನೂ ಆಗಾಗ ಪರೀಕ್ಷಿಸಿಕೊಳ್ಳುತ್ತವೆ. ಅದಕ್ಕೆ ಗುಣ ಗೊತ್ತಿರುವ ಪೊಟ್ಯಾಸಿಯಂ ಡೈಕ್ರೋಮೇಟನ್ನು ಬಳಸುತ್ತಾರೆ. 24 ಗಂಟೆಯಲ್ಲಿ ಅರ್ಧದಷ್ಟು ಮರಿಗಳನ್ನು ನಿಶ್ಚಲಗೊಳಿಸುವ ಅದರ ಸಾಂದ್ರತೆ ಲೀಟರಿಗೆ 0.6ರಿಂದ 2.1 ಮಿಲಿಗ್ರಾಂ ಒಳಗೆ ಬರಬೇಕು. ಬರದಿದ್ದರೆ ಮರಿಗಳಲ್ಲೋ ಕೆಲಸದಲ್ಲೋ ದೋಷವಿದೆ. ತಕ್ಕಡಿಯನ್ನು ಬಟ್ಟಿನಿಂದ ಪರೀಕ್ಷಿಸಿದ ಹಾಗೆ ಇದು.

ಈಗ ಫಲಿತಾಂಶ ಓದುವುದು ಹೇಗೆ? ಕಲ್ಪನೆಯ ಒಂದು ಪರೀಕ್ಷೆಯನ್ನು ತೆಗೆದುಕೊಳ್ಳೋಣ. 48 ಗಂಟೆಯ ಕೊನೆಯಲ್ಲಿ 0.5 ಮಿಲಿಗ್ರಾಂನಲ್ಲಿ ಒಂದೂ ನಿಶ್ಚಲವಾಗಿಲ್ಲ. 1 ಮಿಲಿಗ್ರಾಂನಲ್ಲಿ 20ಕ್ಕೆ 3, 2 ಮಿಲಿಗ್ರಾಂನಲ್ಲಿ 9, 4 ಮಿಲಿಗ್ರಾಂನಲ್ಲಿ 17, 8 ಮಿಲಿಗ್ರಾಂನಲ್ಲಿ ಇಪ್ಪತ್ತೂ ನಿಶ್ಚಲ. ಅರ್ಧ, ಅಂದರೆ 10 ಮರಿಗಳು, ಎಲ್ಲಿ ಬರುತ್ತವೆ? 2 ಮತ್ತು 4ರ ನಡುವೆ, 2ಕ್ಕೆ ಬಹಳ ಹತ್ತಿರ. ಲಾಗರಿದಮ್ ಅಳತೆಯ ಗ್ರಾಫ್ ಹಾಳೆಯಲ್ಲಿ ಬಿಂದುಗಳನ್ನು ಗುರುತಿಸಿ ಈ ಎರಡನ್ನು ಗೆರೆಯಿಂದ ಸೇರಿಸಿದರೆ ಸುಮಾರು 2.2 ಮಿಲಿಗ್ರಾಂ ಎಂದು ಸಿಗುತ್ತದೆ. ಇದನ್ನೇ 48 ಗಂಟೆಯ ಇಸಿ 50 ಎನ್ನುತ್ತಾರೆ: ಶೇಕಡಾ 50 ಪ್ರಾಣಿಗಳ ಮೇಲೆ ಪರಿಣಾಮ ಬೀರುವ ಸಾಂದ್ರತೆ. ಸಂಖ್ಯಾಶಾಸ್ತ್ರದ ವಿಧಾನಗಳಿಂದ ಈ ಉತ್ತರದ ವಿಶ್ವಾಸ ಮಿತಿಗಳನ್ನೂ ಲೆಕ್ಕಹಾಕುತ್ತಾರೆ.

ಇಲ್ಲಿ ವಿದ್ಯಾರ್ಥಿಗಳು ಮಾಡುವ ಮೂರು ತಪ್ಪುಗಳಿವೆ. ಮೊದಲನೆಯದು, ಅಂಕಿ ದೊಡ್ಡದಾದರೆ ವಿಷ ಹೆಚ್ಚು ಎಂದುಕೊಳ್ಳುವುದು. ನಿಜ ಇದಕ್ಕೆ ತಿರುಗುಮುರುಗು: ಕಡಿಮೆ ಪ್ರಮಾಣದಲ್ಲೇ ಅರ್ಧದಷ್ಟನ್ನು ಕೆಡವಿದರೆ ಅದು ಹೆಚ್ಚು ವಿಷ. ರಾಸಾಯನಿಕಗಳನ್ನು ವರ್ಗೀಕರಿಸುವ ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಈ ಅಂಕಿ ಲೀಟರಿಗೆ 1 ಮಿಲಿಗ್ರಾಂ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಮೊದಲನೆಯ ದರ್ಜೆ, 10ರವರೆಗೆ ಎರಡನೆಯದು, 100ರವರೆಗೆ ಮೂರನೆಯದು. ಎರಡನೆಯ ತಪ್ಪು, ಇಸಿ 50ಯನ್ನು ಸುರಕ್ಷಿತ ಮಿತಿ ಎಂದು ಭಾವಿಸುವುದು. ಅರ್ಧ ಜನ ಬಿದ್ದಿರುವ ಮನೆಯನ್ನು ಯಾರಾದರೂ ಸುರಕ್ಷಿತ ಎನ್ನುತ್ತಾರೆಯೇ? ಪಾಚಿ, ನೀರುಚಿಗಟ, ಮೀನು ಈ ಮೂರರ ಅಲ್ಪಾವಧಿ ಪರೀಕ್ಷೆಗಳಷ್ಟೇ ಇದ್ದಾಗ, ಯುರೋಪಿನ ಪದ್ಧತಿಯಲ್ಲಿ ಅವುಗಳಲ್ಲಿ ಅತಿ ಕಡಿಮೆ ಅಂಕಿಯನ್ನು 1000ದಿಂದ ಭಾಗಿಸಿ ಸುರಕ್ಷಿತ ಮಟ್ಟವನ್ನು ಅಂದಾಜು ಮಾಡುತ್ತಾರೆ.

ಮೂರನೆಯದು ನಾನೇ ಮಾಡಿದ ತಪ್ಪು. ಡಬ್ಬದ ಮೇಲಿನ 50 ಇಸಿ ಬೇರೆ, ಪರೀಕ್ಷೆಯ ಇಸಿ 50 ಬೇರೆ. ಡಬ್ಬದ ಮೇಲಿನ ಇಸಿ ಎಂದರೆ ನೀರಿಗೆ ಬೆರೆಸಿದಾಗ ಹಾಲಿನಂತಾಗುವ ಸಾಂದ್ರ ದ್ರವ. 50 ಎಂದರೆ ಅದರಲ್ಲಿ ಶೇಕಡಾ 50 ಕೀಟನಾಶಕವಿದೆ ಎಂದು. ಮೊದಲ ಸಲ ಸ್ಕ್ರಿಪ್ಟ್ ಬರೆದಾಗ ನಾನು ಎರಡನ್ನೂ ಒಂದೇ ಎಂದು ಬರೆದು ಅದೇ ಮೇಡಂ ಕೈಯಿಂದ ತಿದ್ದಿಸಿಕೊಂಡೆ.

ಇನ್ನು ಚಿಕ್ಕಪ್ಪನ ನೀಲಿ ಗುರುತಿಗೆ ಬರೋಣ. ನಮ್ಮ ದೇಶದಲ್ಲಿ ಕೀಟನಾಶಕದ ಡಬ್ಬಗಳ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ಎಂಬ ನಾಲ್ಕು ಬಣ್ಣದ ತ್ರಿಕೋನಗಳಿರುತ್ತವೆ. ಕೆಂಪು ಅತ್ಯಂತ ಅಪಾಯಕಾರಿ, ಹಸಿರು ಕಡಿಮೆ. ಆದರೆ ಈ ಬಣ್ಣ ನಿರ್ಧಾರವಾಗುವುದು ಪ್ರಯೋಗದ ಸಸ್ತನಿಗಳಲ್ಲಿ ಅರ್ಧದಷ್ಟನ್ನು ಕೊಲ್ಲುವ ಪ್ರಮಾಣದ ಮೇಲೆ. ಬಾಯಿಯ ಮೂಲಕ ಕೊಟ್ಟಾಗ ದೇಹದ ತೂಕದ ಪ್ರತಿ ಕಿಲೋಗೆ 501ರಿಂದ 5000 ಮಿಲಿಗ್ರಾಂ ಬೇಕಾದರೆ ನೀಲಿ. ಔಷಧಿ ಹೊಡೆಯುವ ಮನುಷ್ಯನಿಗೆ ಎಷ್ಟು ಅಪಾಯ ಎಂದು ಅದು ಸೂಚಿಸುತ್ತದೆ. ಕೆರೆಗೆ ಎಷ್ಟು ಅಪಾಯ ಎಂದಲ್ಲ. ಚಿಕ್ಕಪ್ಪ ಗುರುತನ್ನು ಸರಿಯಾಗಿಯೇ ಓದಿದರು, ಆದರೆ ಅದು ಬೇರೆ ಪ್ರಶ್ನೆಗೆ ಬರೆದ ಉತ್ತರವಾಗಿತ್ತು.

ಮ್ಯಾಲಥಿಯಾನ್ ಇದಕ್ಕೆ ತಕ್ಕ ಉದಾಹರಣೆ. ಇದು ನರಗಳ ಸಂದೇಶವನ್ನು ನಿಲ್ಲಿಸುವ ಅಸಿಟೈಲ್‌ಕೋಲಿನ್ ಎಸ್ಟರೇಸ್ ಎಂಬ ಕಿಣ್ವವನ್ನು ಕಟ್ಟಿಹಾಕುತ್ತದೆ. ಆಗ ನರಗಳು ಬಿಡುವಿಲ್ಲದೆ ಕೂಗಿ ಕೂಗಿ ಸ್ನಾಯುಗಳು ಸೋತುಹೋಗುತ್ತವೆ. ನಮ್ಮಂಥ ಸಸ್ತನಿಗಳ ದೇಹದಲ್ಲಿ ಮ್ಯಾಲಥಿಯಾನನ್ನು ಬೇಗ ಒಡೆದುಹಾಕುವ ಬೇರೆ ಕಿಣ್ವಗಳು ಧಾರಾಳವಾಗಿವೆ. ಕೀಟಗಳಲ್ಲಿ ಅವು ಬಹಳ ಕಡಿಮೆ. ಡ್ಯಾಫ್ನಿಯಾ ಮ್ಯಾಗ್ನಾಗೆ ಇದರ 48 ಗಂಟೆಯ ಇಸಿ 50 ಲೀಟರಿಗೆ ಸುಮಾರು 1 ಮೈಕ್ರೋಗ್ರಾಂ, ಅಂದರೆ ಮಿಲಿಗ್ರಾಂನ ಸಾವಿರದಲ್ಲೊಂದು ಭಾಗ. ಸಾಮಾನ್ಯ ಗೆಂಡೆ ಮೀನಿಗಾದರೋ ಅರ್ಧದಷ್ಟು ಸಾಯಲು ಲೀಟರಿಗೆ ಹಲವು ಸಾವಿರ ಮೈಕ್ರೋಗ್ರಾಂ ಬೇಕು. ಎಲ್ಲ ಮೀನುಗಳೂ ಗೆಂಡೆಯಷ್ಟು ಗಟ್ಟಿಯಲ್ಲ, ನಿಜ. ಆದರೂ ಈ ಎರಡು ಅಂಕಿಗಳ ನಡುವೆ ಎಷ್ಟು ಅಂತರವಿದೆ ನೋಡಿ. ಮೀನು ನೆಮ್ಮದಿಯಾಗಿ ಈಜುತ್ತಿರುವ ನೀರಿನಲ್ಲಿ ನೀರುಚಿಗಟಗಳೆಲ್ಲ ತಳ ಸೇರಿರಬಹುದು.

ಒಂದು ಲೆಕ್ಕ ಮಾಡಿ. 50 ಇಸಿಯ ಒಂದು ಮಿಲಿಲೀಟರಿನಲ್ಲಿ ಸುಮಾರು ಅರ್ಧ ಗ್ರಾಂ ಮ್ಯಾಲಥಿಯಾನ್ ಇರುತ್ತದೆ. ಲೀಟರಿಗೆ 1 ಮೈಕ್ರೋಗ್ರಾಂ ಆಗುವಂತೆ ಅದನ್ನು ಬೆರೆಸಿದರೆ 5 ಲಕ್ಷ ಲೀಟರ್ ನೀರಿಗೆ ಸಾಕು. 20 ಮೀಟರ್ ಉದ್ದ, 10 ಮೀಟರ್ ಅಗಲ, ಎರಡೂವರೆ ಮೀಟರ್ ಆಳದ ಹೊಂಡ ತುಂಬುವಷ್ಟು ನೀರು ಅದು. ಖಾಲಿಯಾಯಿತೆಂದು ಕೆರೆಯಲ್ಲಿ ಅದ್ದಿದ ಡಬ್ಬದ ಗೋಡೆಗೆ ಒಂದು ಮಿಲಿಲೀಟರ್ ಅಂಟಿಕೊಂಡಿರುವುದು ದೊಡ್ಡ ಮಾತೇ?

ಕೆರೆಯ ತುಂಬ ಅದು ಒಂದೇ ಸಮನಾಗಿ ಹರಡುವುದಿಲ್ಲ, ಬಿಸಿಲು ಮತ್ತು ಸೂಕ್ಷ್ಮಜೀವಿಗಳು ಅದನ್ನು ಒಡೆಯುತ್ತವೆ, ಕ್ಷಾರೀಯ ನೀರಿನಲ್ಲಿ ಅದು ಇನ್ನೂ ಬೇಗ ಒಡೆಯುತ್ತದೆ. ಇದು ಸಮಾಧಾನದ ಮಾತೂ ಹೌದು, ತೊಡಕಿನ ಮಾತೂ ಹೌದು. ಹದಿನೈದು ದಿನ ಬಿಟ್ಟು ನೀರಿನ ಮಾದರಿ ತೆಗೆದರೆ ರಾಸಾಯನಿಕ ಸಿಗದಿರಬಹುದು. ಅದು ಬಂದುಹೋಯಿತು ಎಂಬುದಕ್ಕೆ ಅಲ್ಲಿ ಇಲ್ಲದಿರುವ ನೀರುಚಿಗಟಗಳಷ್ಟೇ ಸಾಕ್ಷಿ.

ಈ ಸಾಕ್ಷ್ಯದ ಬೆಲೆಯನ್ನು ಯುರೋಪ್ 1986ರಲ್ಲಿ ಕಂಡುಕೊಂಡಿತು. ಆ ವರ್ಷ ನವೆಂಬರ್ 1ರಂದು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಬಳಿ ಕೃಷಿ ರಾಸಾಯನಿಕಗಳ ಉಗ್ರಾಣಕ್ಕೆ ಬೆಂಕಿ ಬಿತ್ತು. ಬೆಂಕಿ ಆರಿಸಿದ ನೀರಿನೊಂದಿಗೆ ಟನ್ನುಗಟ್ಟಲೆ ರಾಸಾಯನಿಕ ರೈನ್ ನದಿಗೆ ಹರಿಯಿತು. ಮ್ಯಾಲಥಿಯಾನ್ ವರ್ಗಕ್ಕೇ ಸೇರಿದ ಕೀಟನಾಶಕಗಳೂ ಅದರಲ್ಲಿದ್ದವು. ನದಿಯ ಹಾವುಮೀನುಗಳು ಲಕ್ಷದ ಮೇಲೆ ಸತ್ತವು. ಅದರ ನಂತರದ ವರ್ಷಗಳಲ್ಲಿ ಆ ನದಿಯ ಕಾವಲು ಕೇಂದ್ರಗಳಲ್ಲಿ ಯಂತ್ರಗಳ ಜೊತೆಗೆ ನೀರುಚಿಗಟಗಳಿಗೂ ಜಾಗ ಸಿಕ್ಕಿತು. ನದಿಯ ನೀರು ಅವುಗಳ ಮೂಲಕ ಹರಿಯುತ್ತದೆ. ಅವುಗಳ ಈಜಾಟ ಬದಲಾದರೆ ಎಚ್ಚರಿಕೆ ಮೊಳಗುತ್ತದೆ. ಯಾವ ವಿಷವೆಂದು ಅವು ಹೇಳಲಾರವು, ಆದರೆ ಏನೋ ಆಗಿದೆಯೆಂದು ಬೇಗ ಹೇಳುತ್ತವೆ. ನಮ್ಮ ದೇಶದಲ್ಲಿ 1986ರ ಪರಿಸರ ಸಂರಕ್ಷಣಾ ನಿಯಮಗಳ ಸಾಮಾನ್ಯ ಮಾನದಂಡಗಳಲ್ಲೂ ಜೀವಿಯನ್ನು ಬಳಸುವ ಪರೀಕ್ಷೆಯೊಂದಿದೆ. ಕಾರ್ಖಾನೆಯಿಂದ ಹೊರಬಿಡುವ ನೀರಿನಲ್ಲಿ ಏನನ್ನೂ ಬೆರೆಸದೆ ಮೀನುಗಳನ್ನಿಟ್ಟರೆ 96 ಗಂಟೆಯ ನಂತರ ಶೇಕಡಾ 90 ಬದುಕಿರಬೇಕು. ಆದರೆ ಮೀನು ಹೇಳುವ ಉತ್ತರವೇ ಪೂರ್ತಿ ಉತ್ತರವಲ್ಲ ಎಂಬುದನ್ನು ಮ್ಯಾಲಥಿಯಾನ್ ಉದಾಹರಣೆಯಲ್ಲಿ ನೋಡಿದೆವು.

ಹಾಗೆಂದು ನೀರುಚಿಗಟವೂ ಸರ್ವಜ್ಞನಲ್ಲ. ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕಕ್ಕೆ ಡ್ಯಾಫ್ನಿಯಾ ಮ್ಯಾಗ್ನಾದ ಇಸಿ 50 ಲೀಟರಿಗೆ ಸುಮಾರು 85 ಮಿಲಿಗ್ರಾಂ. ಇಷ್ಟನ್ನೇ ನೋಡಿದರೆ ಅದು ಸಾಧು ಪದಾರ್ಥವೆನಿಸುತ್ತದೆ. ಆದರೆ ನೀರಿನಲ್ಲೇ ಬೆಳೆಯುವ ಕೆಲವು ಕೀಟಗಳ ಮರಿಗಳಿಗೆ ಅದು ಮೈಕ್ರೋಗ್ರಾಂಗಳ ಲೆಕ್ಕದಲ್ಲೇ ಮಾರಕ. ಆದ್ದರಿಂದ ಕೈರೋನೋಮಸ್ ಎಂಬ ನೊಣದ ಮರಿಗಳ ಮೇಲೂ 48 ಗಂಟೆಯ ಪರೀಕ್ಷೆಯೊಂದನ್ನು 2011ರಲ್ಲಿ ಮಾರ್ಗಸೂಚಿಗಳಿಗೆ ಸೇರಿಸಲಾಯಿತು. ಇನ್ನೊಂದು ಮಿತಿಯೆಂದರೆ ಸಮಯ. 48 ಗಂಟೆ ಈಜಿದ ಮರಿ ದೊಡ್ಡದಾಗಿ ಮರಿ ಹಾಕಬಲ್ಲದೇ ಎಂಬುದನ್ನು ಈ ಪರೀಕ್ಷೆ ಹೇಳುವುದಿಲ್ಲ. ಅದಕ್ಕೆ 21 ದಿನಗಳ ಬೇರೆ ಪರೀಕ್ಷೆ ಬೇಕು.

ಈಗ ಹಸಿರು ಕೆರೆಗೆ ಮರಳೋಣ. ಪಾಚಿ ತಿನ್ನುವ ನೀರುಚಿಗಟಗಳು ಇಲ್ಲವಾದರೆ ಪಾಚಿ ತಡೆಯಿಲ್ಲದೆ ಬೆಳೆಯುತ್ತದೆ. ಪ್ರಯೋಗದ ಕೊಳಗಳಲ್ಲಿ ಕೀಟನಾಶಕ ಬೆರೆಸಿದಾಗ ಹೀಗೆ ನೀರು ಹಸಿರಾದದ್ದನ್ನು ವಿಜ್ಞಾನಿಗಳು ಕಂಡಿದ್ದಾರೆ. ಆದರೆ ಆ ಹುಡುಗನಿಗೆ ಇನ್ನೊಂದು ಮಾತನ್ನೂ ಬರೆದೆ. ತೋಟದ ಗೊಬ್ಬರ ಕೆರೆಗೆ ಹರಿದರೂ ನೀರು ಹಸಿರಾಗುತ್ತದೆ. ಎರಡೂ ಒಟ್ಟಿಗೆ ಆಗಿರಬಹುದು. ಚಿಕ್ಕಪ್ಪ ಮೀನು ನೋಡಿ ತೀರ್ಮಾನಿಸಿದಂತೆ ನಾವು ಬಣ್ಣ ನೋಡಿ ತೀರ್ಮಾನಿಸಿದರೆ ನಮಗೂ ಅವರಿಗೂ ವ್ಯತ್ಯಾಸವಿಲ್ಲ.

ಹಾಗಾದರೆ ಮಾಡುವುದೇನು? ವಾರಕ್ಕೊಮ್ಮೆ, ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ ಐದು ಲೀಟರ್ ನೀರನ್ನು ತೆಳು ಬಟ್ಟೆಯಲ್ಲಿ ಸೋಸಿ. ಉಳಿದದ್ದನ್ನು ಗಾಜಿನ ಲೋಟಕ್ಕೆ ಹಾಕಿ ಜಿಗಿಯುವ ಚುಕ್ಕೆಗಳನ್ನು ಎಣಿಸಿ. ದಿನಾಂಕ, ಉಷ್ಣತೆ, ಮಳೆ ಬಂದ ದಿನ, ಔಷಧಿ ಹೊಡೆದ ದಿನ ಎಲ್ಲವನ್ನೂ ಪುಸ್ತಕದಲ್ಲಿ ಬರೆಯಿರಿ. ಸಾಧ್ಯವಾದರೆ ಪಕ್ಕದಲ್ಲಿ ತೋಟವಿಲ್ಲದ ಇನ್ನೊಂದು ಕೆರೆಯಲ್ಲೂ ಹಾಗೆಯೇ ಮಾಡಿ. ಅದು ನಿಮ್ಮ ನಿಯಂತ್ರಣ ಗುಂಪು. ಒಂದು ಎಚ್ಚರಿಕೆ: ಕೀಟನಾಶಕವನ್ನಾಗಲಿ, ಕ್ಯಾನ್ಸರ್‌ಕಾರಕವಾದ ಡೈಕ್ರೋಮೇಟನ್ನಾಗಲಿ ಮನೆಯಲ್ಲಿ ಮುಟ್ಟಬೇಡಿ. ಆಗಷ್ಟೇ ಔಷಧಿ ಹೊಡೆದ ಕಡೆ ನೀರಿಗಿಳಿಯಬೇಡಿ. ವಿಷದ ಪರೀಕ್ಷೆ ಪ್ರಯೋಗಾಲಯದ ಕೆಲಸ. ನೋಡುವುದು, ಎಣಿಸುವುದು, ಬರೆಯುವುದು ನಿಮ್ಮ ಕೆಲಸ. ಮನೆಯಲ್ಲಿ ರೈತರಿದ್ದರೆ ಖಾಲಿ ಡಬ್ಬವನ್ನು ತೋಟದಲ್ಲೇ ಮೂರು ಸಲ ತೊಳೆದು ಆ ನೀರನ್ನು ಸಿಂಪಡಿಸುವ ಪಂಪಿಗೇ ಸುರಿಯಲು ಹೇಳಿ. ಕೆರೆಯೂ ಉಳಿಯುತ್ತದೆ, ಕೊಂಡ ಔಷಧಿಯೂ ವ್ಯರ್ಥವಾಗುವುದಿಲ್ಲ.

ಹುಡುಗನಿಂದ ಕಳೆದ ವಾರ ಇನ್ನೊಂದು ಪತ್ರ ಬಂದಿದೆ. ಮೂರು ವಾರದ ಲೆಕ್ಕ ಕಳಿಸಿದ್ದಾನೆ: ಸೊನ್ನೆ, ಸೊನ್ನೆ, ಏಳು. ಮೂರನೆಯ ವಾರ ಲೋಟವನ್ನು ಬೆಳಕಿಗೆ ಹಿಡಿದು ಎಣಿಸಿದವರು ಚಿಕ್ಕಪ್ಪ ಎಂದು ಬರೆದಿದ್ದಾನೆ. ಮೂರು ಅಂಕಿಗಳಿಂದ ಏನನ್ನೂ ಸಾಧಿಸಲಾಗದು, ಎಣಿಸುವುದನ್ನು ನಿಲ್ಲಿಸಬೇಡ ಎಂದು ಉತ್ತರ ಬರೆದಿದ್ದೇನೆ. ನೀವೂ ನಿಮ್ಮ ಊರಿನ ಕೆರೆಯ ಲೆಕ್ಕ ಬರೆದು ಕಳಿಸಿ. ಸೊನ್ನೆ ಬಂದರೆ ಸೊನ್ನೆಯೆಂದೇ ಬರೆಯಿರಿ.